ಖಾಲಿ ಓಟ

ಫುಟ್‌ಬಾಲ್ ಪಂದ್ಯ ಮುಗಿಯಲು ಎರಡೇ ನಿಮಿಷವಿತ್ತು. ಬಡಗಿ ಎಂದಿನಂತೆ "ನನಗೆ ಕೊಡು, ನನಗೆ ಕೊಡು" ಎಂದು ಗಂಟಲು ಹರಿಯುವ ಹಾಗೆ ಕೂಗುತ್ತ ಮೂಲೆಯ ಬಾವುಟದ ಕಡೆಗೆ ಓಡಿದ. ಓಡಿ, ತಿರುಗಿ ನೋಡಿದರೆ ಬೆನ್ನ ಹಿಂದೆ ಒಂದು ನರಪಿಳ್ಳೆಯೂ ಇರಲಿಲ್ಲ.

ಹೀಗಾಗಬಾರದಿತ್ತು. ವರ್ಷವಿಡೀ ಅವನು ಕೂಗಿ ಓಡಿದಾಗಲೆಲ್ಲ ಎದುರು ತಂಡದ ಕಾವಲಿನವನು ಅವನ ಬೆನ್ನು ಹತ್ತುತ್ತಿದ್ದ. ನಡುವೆ ಬಾಗಿಲು ತೆರೆದಂತೆ ಜಾಗವಾಗುತ್ತಿತ್ತು. ಅವನ ಹೆಂಡತಿಯ ತಮ್ಮ ಚೆಂಡನ್ನು ಕಾಲಿಗಂಟಿಸಿಕೊಂಡು ಆ ಜಾಗಕ್ಕೆ ನುಗ್ಗುತ್ತಿದ್ದ. ಕೂಗು ಸುಳ್ಳು, ಗೋಲು ನಿಜ. ಮರ ಸೀಳುವುದಕ್ಕೆ ಬೆಣೆ ಬೇಕು ಸರಿ, ಸೀಳಿದ ಮೇಲೆ ಬೆಣೆಯನ್ನು ಹೊಗಳಿದವರುಂಟೇ? ಗುಟ್ಟು ಭಾವ ಮೈದುನರಲ್ಲೇ ಉಳಿದಿತ್ತು. ಮೈದುನನ ಹೆಸರಿನಲ್ಲಿ ಹನ್ನೊಂದು ಗೋಲು, ಬಡಗಿಯ ಹೆಸರಿನಲ್ಲಿ ಸೊನ್ನೆ.

ಆ ಸೊನ್ನೆಯನ್ನು ಮರೆಯಗೊಡದವರು ಮಾವ. ಒಂದು ಕಾಲದ ಗೋಲ್‌ಕೀಪರ್. ಚೆಂಡು ಬಲೆಗೆ ಬಿದ್ದರೆ ಆಟ, ಉಳಿದದ್ದೆಲ್ಲ ವ್ಯಾಯಾಮ ಎನ್ನುವವರು. ಪ್ರತಿ ಭಾನುವಾರ ಊಟಕ್ಕೆ ಕೂತಾಗ, "ಏನು ಅಳಿಯಂದ್ರೇ, ಇವತ್ತೂ ಬರೀ ಗಾಳಿ ಸೇವನೆನಾ?" ಎಂದು ಕೇಳಿ ಮಗನ ಬೆನ್ನು ತಟ್ಟುವರು. ಇದು ವರ್ಷದ ಕೊನೆಯ ಪಂದ್ಯ. ಮಂಡಿ ಸವೆದ ಬಡಗಿಗೆ ಜನ್ಮದ ಕೊನೆಯ ಪಂದ್ಯ. ಮಾವನ ಕಣ್ಣೆದುರು ಒಂದೇ ಒಂದು ಗೋಲು ಹೊಡೆಸಪ್ಪಾ ಎಂದು ವಾರವಿಡೀ ಹಲಗೆಗೆ ಹತ್ತರಿ ಹೊಡೆಯುತ್ತಲೇ ದೇವರನ್ನು ಬೇಡಿಕೊಂಡಿದ್ದ.

ಸ್ಕೋರು ಒಂದು ಒಂದು. ಸಮವಾದರೆ ಕಪ್ ಅಂಕದಲ್ಲಿ ಮುಂದಿರುವ ಪ್ರಿಂಟಿಂಗ್ ಪ್ರೆಸ್ಸಿನವರದು, ಬಡಗಿಯ ಮರಗೆಲಸದ ಕಾರ್ಖಾನೆಯವರು ಗೆಲ್ಲಲೇಬೇಕು. ಪ್ರೆಸ್ಸಿನ ಕಾವಲಿನವನು ದಿನಾ ಕಾಗದದ ಬಂಡಲು ಎತ್ತುವ ಆಳು. ಅವನನ್ನು ಎಲ್ಲರೂ ಕರೆಯುವುದೇ ಗೋಡೆ ಎಂದು. ಹನ್ನೊಂದು ಸಲ ಊರೆಲ್ಲ ಮೋಸ ಹೋದದ್ದನ್ನು ಗೋಡೆ ಹೇಗೋ ಅರಿತುಬಿಟ್ಟಿದ್ದ. ಬಡಗಿಯ ಕೂಗಿಗೆ ಕಿವಿಗೊಡದೆ ಮೈದುನನ ದಾರಿಗೆ ಅಡ್ಡವಾಗಿ ನಿಂತಿದ್ದ. ಇತ್ತ ಬಡಗಿಯ ಸುತ್ತ ಒಂದು ಎತ್ತಿನ ಗಾಡಿ ತಿರುಗಿಸುವಷ್ಟು ಜಾಗ. ಆದರೆ ಈಗ ನಿಜವಾಗಿ ಕೇಳುವುದು ಹೇಗೆ? "ಕೊಡು" ಎಂದರೆ ಕೊಡಬೇಡ ಎಂದರ್ಥವೆಂದು ಮೈದುನನಿಗೆ ಕಲಿಸಿದವನು ತಾನೇ. ದಾರಿ ತೋಚದೆ ಬಡಗಿ ಒಂದು ಹೆಜ್ಜೆ ಹಿಂದೆ ಸರಿದು ಬಾಯಿ ಮುಚ್ಚಿ ನಿಂತ. ಟಿಕ್‌ಟಿಕ್ ಎನ್ನುವ ಗಡಿಯಾರ ನಿಂತುಹೋದಾಗ ಮನೆಯವರು ತಲೆಯೆತ್ತುವಂತೆ ಮೈದುನ ತಲೆಯೆತ್ತಿದ. ನೋಡಿದ. ಕೊಟ್ಟ.

ಬಡಗಿ ಚೆಂಡಿನೊಡನೆ ಓಡಿದ. ಮಂಡಿಯ ನೋವು ಎಲ್ಲಿಗೆ ಹೋಯಿತೋ. ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಅಡ್ಡ ಬರಲು ಗೋಡೆ ಧಡಧಡನೆ ತಿರುಗಿದ. ಅಷ್ಟರಲ್ಲಿ ಮೈದುನ ಇನ್ನೊಂದು ಬದಿಗೆ ಬಾಣದ ಹಾಗೆ ಓಡುತ್ತ, "ಭಾವ, ಇಲ್ಲಿ, ನನಗೆ ಕೊಡಿ" ಎಂದು ಕೂಗಿದ. ಎಂಥ ಕೂಗು ಅದು. ಗೋಡೆ ಆ ಕಡೆ ಹೊರಳಿದ. ಗೋಲ್‌ಕೀಪರ್ ಆ ಕಡೆ ವಾಲಿದ. ಗೆರೆಯಾಚೆಯಿಂದ ಮಾವ, "ಅವನಿಗೆ ಕೊಡಿ ಅಳಿಯಂದ್ರೇ" ಎಂದು ಊರುಗೋಲು ಎತ್ತಿದರು. ಬಡಗಿಯ ಮುಂದೆ ಗೋಲು ಬಾಗಿಲಿಲ್ಲದ ಮನೆಯಂತೆ ತೆರೆದಿತ್ತು. ಬಡಗಿ ಮೈದುನನಿಗೆ ಕೊಟ್ಟುಬಿಟ್ಟ.

ಚೆಂಡು ಬರುವುದೆಂದು ಕನಸಿನಲ್ಲೂ ಎಣಿಸದಿದ್ದ ಮೈದುನನ ಹಿಮ್ಮಡಿ ದಾಟಿ ಚೆಂಡು ಗೆರೆಯಾಚೆ ಹೋಯಿತು. ಪಂದ್ಯ ಮುಗಿದ ಸೀಟಿ ಮೊಳಗಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮಾವ ಕೋಲೂರಿಕೊಂಡು ಮೈದಾನಕ್ಕೆ ಇಳಿದು ಬಂದವರೇ ಮಗನ ಮೇಲೆ ಹರಿಹಾಯ್ದರು. ಕೇಳಿದವನೂ ಅವನೇ, ಬಂದಾಗ ಬಿಟ್ಟವನೂ ಅವನೇ ಎಂದು ಬೈದರು.

"ನಾನು ಕೇಳಲಿಲ್ಲ ಅಪ್ಪ, ಕೇಳಿದ ಹಾಗೆ ಮಾಡಿದೆ. ಗೋಡೆ ನನ್ನ ಹಿಂದೆ ಬಂದ್ರೆ ಭಾವನಿಗೆ ಜಾಗ ಆಗುತ್ತೆ ಅಂತ. ಭಾವ ವರ್ಷಪೂರ್ತಿ ಮಾಡಿದ್ದು ಅದನ್ನೇ ಅಲ್ವಾ."

ಮಾವ ಕೋಲಿನ ತುದಿಯಿಂದ ಹುಲ್ಲು ಕೆದಕಿದರು. "ಹಾಗಾದ್ರೆ ಆ ಹನ್ನೊಂದು?"

"ಹನ್ನೊಂದೂ ಹಾಗೇನೇ."

"ಒಂದು ಮಾತು ನನಗೆ ಹೇಳೋದಲ್ವಾ," ಎಂದು ಅವರು ಅಳಿಯನ ಕಡೆ ತಿರುಗಿದರು.

"ನಿಮಗೆ ಹೇಳಿದ್ರೆ ಸಂತೋಷಕ್ಕೆ ಊರಿಗೆಲ್ಲ ಹೇಳ್ತಿದ್ರಿ ಮಾವ. ಗೋಡೆಗೂ ಗೊತ್ತಾಗ್ತಿತ್ತು," ಎಂದ ಬಡಗಿ.

ಮಾವ ತಲೆಯೆತ್ತಿ ನೋಡಿದರು. ಅವರ ಕಣ್ಣು ಗೇಟಿನ ಮೇಲಿತ್ತು. ಅಲ್ಲಿ ಕಾರ್ಖಾನೆಯ ಮೇಸ್ತ್ರಿಯೂ ಹತ್ತು ಹನ್ನೆರಡು ಮಂದಿಯೂ ಕಪ್ ಕಳೆದ ಬಡಗಿಯನ್ನು ಬೈಯಲು ನಾಲಿಗೆ ಮಸೆದುಕೊಂಡು ಕಾದಿದ್ದರು. ಮಾವ ಗೇಟಿನಿಂದ ದೂರ, ಮೈದಾನದ ಇನ್ನೊಂದು ತುದಿಗೆ ದಾಪುಗಾಲು ಹಾಕಿದರು. ಅಲ್ಲಿ ನಿಂತು, ಗೆರೆ ಕಾಯುವ ಆ ಲೈನ್‌ಮನ್ ಎಲ್ಲಿ, ಅವನಿಗೆ ಕಣ್ಣಿದೆಯೋ ಇಲ್ಲವೋ, ಇವತ್ತು ಇತ್ಯರ್ಥವಾಗಲೇಬೇಕು ಎಂದು ಶುರುವಿಟ್ಟರು. ಜಗಳವೆಂದರೆ ಬಿಟ್ಟಾರೆಯೇ, ಗೇಟಿನ ಗುಂಪು ಸಮೇತ ಎಲ್ಲರೂ ಆ ಕಡೆ ಓಡಿದರು.

"ಅಯ್ಯೋ, ಮಾವನಿಗೆ ಬಿಪಿ ಇದೆ," ಎಂದು ಬಡಗಿಯೂ ಅತ್ತ ಹೊರಟ. ಮೈದುನ ಅವನ ಅಂಗಿ ಹಿಡಿದು ಜಗ್ಗಿದ.

"ಭಾವ, ಇದನ್ನಾದ್ರೂ ನಂಬಬೇಡಿ. ಸರಿಯಾಗಿ ನೋಡಿ."

ಬಡಗಿ ನೋಡಿದ. ಮಾವನ ಬಲಗೈಯ ಕೋಲು ಆಕಾಶದಲ್ಲಿ ಲೈನ್‌ಮನ್ನನ್ನು ಹುಡುಕುತ್ತಿತ್ತು. ಬೆನ್ನ ಹಿಂದೆ ಮಡಚಿಟ್ಟ ಎಡಗೈ ಖಾಲಿ ಗೇಟಿನ ಕಡೆಗೆ ಮೆಲ್ಲಗೆ ಬೀಸುತ್ತಿತ್ತು, ಹೊರಡು ಹೊರಡು ಎಂದು.