ಎರವಲು ಕುದುರೆಗಳು

"ಇಳೀರಿ, ಬೇಗ ಇಳೀರಿ! ಇನ್‌ಸ್ಪೆಕ್ಷನ್ ಸಾಹೇಬ್ರು ಟಮಾಟೆ ಮಾರ್ಕೆಟ್ ದಾಟಿದ್ರಂತೆ," ಎಂದು ಡ್ರೈವರ್ ವೆಂಕಟ್ ವ್ಯಾನಿನ ಬಾಗಿಲು ಬಡಿದ.

ಕೋಲಾರದ ಆ ಕಾಲೇಜಿನ ಅಂಗಳದಲ್ಲಿ ನಿಂತು ಸಾದಿಯಾ ನೋಡಿದಳು. ಒಬ್ಬೊಬ್ಬರೇ ಇಳಿಯುತ್ತಿದ್ದರು. ಇಳಿದವರ ಕೊರಳಿಗೆ ಗುಮಾಸ್ತ ಗುರುತಿನ ಚೀಟಿ ತೂಗುಹಾಕುತ್ತಿದ್ದ. ಶಿವಾನಿ ಎಂಬುವಳು ತನ್ನ ಚೀಟಿ ಓದಿಕೊಂಡು, "ಅಯ್ಯೋ, ಇವತ್ತು ನಾನು ಕಾಮರ್ಸಾ? ಮುಳಬಾಗಿಲಲ್ಲಿ ಇಂಗ್ಲಿಷ್ ಆಗಿದ್ದೆ ಕಣ್ರೀ!" ಎಂದು ನಕ್ಕಳು.

ಸಾದಿಯಾ ತನ್ನ ಕೊರಳ ಚೀಟಿಯನ್ನು ತಿರುಗಿಸಿ ಹಾಕಿಕೊಂಡಳು.

ಕೋದಂಡರಾಮಪ್ಪನವರ ಟ್ರಸ್ಟಿಗೆ ಕೋಲಾರ, ಮಾಲೂರು, ಮುಳಬಾಗಿಲು ಮೂರೂ ಕಡೆ ಕಾಲೇಜುಗಳಿದ್ದವು. ಬೇಕಾದಷ್ಟು ಉಪನ್ಯಾಸಕರು ಮಾತ್ರ ಎಲ್ಲೂ ಇರಲಿಲ್ಲ. ಮಾನ್ಯತೆ ನವೀಕರಿಸಲು ತಪಾಸಣೆಯವರು ಯಾವ ಊರಿಗೆ ಬರುತ್ತಾರೋ, ಆ ದಿನ ಆ ಊರಿನ ಕುರ್ಚಿಗಳೆಲ್ಲ ಇದೇ ವ್ಯಾನಿನವರಿಂದ ತುಂಬುತ್ತಿದ್ದವು. ಮರುದಿನ ಮಕ್ಕಳು ಖಾಲಿ ಹಲಗೆ ನೋಡುತ್ತ ಕೂರುತ್ತಿದ್ದರು.

ಸ್ಟಾಫ್ ರೂಮಿಗೆ ಆಯಾ ಮುನಿಶಾಮಮ್ಮ ಟೀ ತಟ್ಟೆ ಹಿಡಿದು ಬಂದಳು.

"ಮದ್ವೆಗೆ ಬಾಡ್ಗೆ ಪಾತ್ರೆ ತಂದಂಗೆ ತಂದವ್ರೆ ನೋಡಮ್ಮಾ. ಪಾತ್ರೆ ಮೇಲಾದ್ರೂ ಅಂಗಡಿ ಹೆಸರಿರ್ತದೆ." ಲೋಟ ನೀಡುತ್ತ ಸಾದಿಯಾಳ ಮುಖವನ್ನೇ ದಿಟ್ಟಿಸಿದಳು. "ನಿಮ್ಗೆ ಸಕ್ರೆ ಆಕೋದಾ, ಬ್ಯಾಡ್ವಾ?"

ಟೀ ನಾಲಿಗೆಗೆ ಅಂಟಿತು. ಹೊಸ ಬಣ್ಣದ ವಾಸನೆ, ಫಿನಾಯಿಲ್ ವಾಸನೆ, ಮೇಜಿನ ಮೇಲೆ ಧೂಳು ಹಿಡಿದ ಪ್ಲಾಸ್ಟಿಕ್ ಗುಲಾಬಿ. ಸಾದಿಯಾ ಅರ್ಧ ಲೋಟ ಕಿಟಕಿಯಾಚೆ ಚೆಲ್ಲಿದಳು.

ಅಧ್ಯಕ್ಷ ಕೋದಂಡರಾಮಪ್ಪ ಪಕ್ಕಕ್ಕೆ ಬಂದು ದನಿ ತಗ್ಗಿಸಿದರು. "ಸಾದಿಯಾ ಮೇಡಂ, ಇದೊಂದು ಮುಗೀಲಿ. ಟ್ರಸ್ಟಲ್ಲಿ ನಿಮ್ಮ ಕಾಯಂ ಆರ್ಡರ್‌ಗೆ ಇವತ್ತೇ ಸಹಿ ಹಾಕ್ತೀನಿ. ಬಾಯಿ ಮಾತ್ರ ಸಿಲಬಸ್ ಒಳಗಿರಲಿ."

ಆ ಆರ್ಡರ್‌ಗಾಗಿ ಅವಳು ವರ್ಷಗಟ್ಟಲೆ ಕಾದಿದ್ದಳು. ಮಗಳ ಓದು ಅದಕ್ಕೇ ಜೋತುಬಿದ್ದಿತ್ತು. ಆದರೆ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತಾಗ, ಅಲ್ಲಿ ಕಂಡ ಮುಖವನ್ನು ಎಷ್ಟು ತೊಳೆದರೂ ಜಿಡ್ಡು ಹೋಗಿರಲಿಲ್ಲ. ಆಗಲೇ ನಿಶ್ಚಯಿಸಿದ್ದಳು. ನೌಕರಿ ಹೋದರೂ ಸರಿ, ಈ ಹೊಲಸು ಇವತ್ತು ತಪಾಸಣೆಯವರ ಕಣ್ಣಿಗೆ ಬೀಳಬೇಕು. ಬಾಯಿಬಿಟ್ಟು ಹೇಳುವ ಎದೆಗಾರಿಕೆ ಇರಲಿಲ್ಲ. ಪಾಠದಲ್ಲೇ ಹೇಳಬೇಕು.

ತಪಾಸಣಾಧಿಕಾರಿ ಗಂಗಾಧರ್ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತರು, ಪಕ್ಕದಲ್ಲಿ ಅಧ್ಯಕ್ಷರು. ಸಾದಿಯಾ ಡಸ್ಟರ್‌ಗಾಗಿ ಮೇಜಿನ ಡ್ರಾಯರ್‌ಗಳನ್ನೆಲ್ಲ ಎಳೆದು ನೋಡಿದಳು. ಸಿಗಲಿಲ್ಲ. ಕರವಸ್ತ್ರದಿಂದಲೇ ಹಲಗೆ ಒರೆಸಿ 'ಮೊಘಲರ ಆಡಳಿತ' ಎಂದು ಬರೆದಳು.

"ಮೊಘಲರ ಅಧಿಕಾರಿಗಳಿಗೆ ಮನ್ಸಬ್ ಅಂತ ದರ್ಜೆ ಇತ್ತು. ದರ್ಜೆಗೆ ತಕ್ಕಷ್ಟು ಕುದುರೆ ಸವಾರರನ್ನ ಸಾಕಬೇಕು. ಅದಕ್ಕಾಗಿ ಬಾದಶಹ ಜಾಗೀರು ಕೊಡ್ತಿದ್ದ. ಮುಂದೆ ನಮ್ಮ ಕೋಲಾರವೂ ಅವರ ಸಿರಾ ಸುಬಾದಲ್ಲಿ ಒಂದು ಪರಗಣೆ ಆಯ್ತು. ಸರಿ, ಜಾಗೀರು ತಿಂದವರೆಲ್ಲ ಕುದುರೆ ಸಾಕ್ತಿದ್ರಾ?" ಅವಳು ಗಂಗಾಧರ್ ಅವರನ್ನೇ ನೋಡಿದಳು. "ಇಲ್ಲ. ತಪಾಸಣೆ ದಿನ ಎರವಲು ತಂದು ನಿಲ್ಲಿಸ್ತಿದ್ರು. ಅದೇ ಕುದುರೆ ಇವತ್ತು ಇವನ ಲಾಯದಲ್ಲಿ, ನಾಳೆ ಅವನ ಲಾಯದಲ್ಲಿ."

ಅಧ್ಯಕ್ಷರು ಆಕಳಿಸಿದರು.

"ಅದಕ್ಕೇ ಅಕ್ಬರ್ 'ದಾಗ್' ಪದ್ಧತಿ ತಂದ. ಕುದುರೆ ಮೈಗೆ ಕಾದ ಕಬ್ಬಿಣದ ಮುದ್ರೆ. ಸವಾರನ ಮುಖಚಹರೆ ದಫ್ತರದಲ್ಲಿ. ಇನ್ನೊಂದು ಸಲ ಎದುರು ಬಂದ್ರೆ ಗುರುತು ಸಿಗಬೇಕು." ಗುರುತು ಎಂಬ ಮಾತನ್ನು ಅವಳು ಒತ್ತಿ ಹೇಳಿದಳು.

ಕಿಟಕಿ ಪಕ್ಕ ಒಂದು ಕೈ ಮೇಲೆದ್ದಿತು.

"ಹೇಳಮ್ಮ, ಏನು ಹೆಸರು?"

"ಚಂದನ, ಮೇಡಂ. ಮುದ್ರೆ ನೋಡೋನೇ ಲಂಚ ತಿಂದ್ರೆ?"

ತರಗತಿ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ಗಂಗಾಧರ್ ನಕ್ಕರು.

"ಆಗ ನಿಜ ಕುದುರೆಗೆ ಮಾತ್ರ ಗೊತ್ತಿರುತ್ತೆ," ಎಂದಳು ಸಾದಿಯಾ.

ಪಾಠ ಮುಗಿಯಿತು. ವರಾಂಡದಲ್ಲಿ ಗಂಗಾಧರ್ ನೇರವಾಗಿ ಅವಳತ್ತಲೇ ನಡೆದು ಬಂದರು. ಅವರಿಗೆ ಅರ್ಥವಾಗಿದೆ, ಅಂದುಕೊಂಡಳು. ಈಗ ಕೇಳುತ್ತಾರೆ, ಎಲ್ಲ ಹೊರಗೆ ಬೀಳುತ್ತದೆ. ಆರ್ಡರ್ ಹಾಳಾಗಿ ಹೋಗಲಿ. ಮಗಳಿಗೆ ಹೇಗೋ ಹೇಳಿದರಾಯಿತು. ಎಷ್ಟೋ ದಿನಗಳ ಮೇಲೆ ಅವಳು ಪೂರ್ತಿ ಉಸಿರೆಳೆದುಕೊಂಡಳು.

ಅವರು ಬೇಕಾದ್ದಕ್ಕಿಂತ ಹತ್ತಿರ ಬಂದು ನಿಂತರು. ಬಾಯಿಂದ ಸೋಂಪಿನ ವಾಸನೆ ಬರುತ್ತಿತ್ತು. ಅಧ್ಯಕ್ಷರ ಕಡೆ ಕಣ್ಣು ಮಿಟುಕಿಸಿ, ಅವಳಿಗಷ್ಟೇ ಕೇಳುವಂತೆ ಹೇಳಿದರು:

"ಹೋದ ವಾರ ಮಾಲೂರಲ್ಲಿ ನಾಹಿದ್ ಆಗಿದ್ರಿ, ಇವತ್ತು ಸಾದಿಯಾ, ಪಾಠ ಮಾತ್ರ ಎರಡು ಕಡೆನೂ ಫಸ್ಟ್ ಕ್ಲಾಸ್ ಮೇಡಂ."