ಸ್ತುತಿಯಿಲ್ಲದ ಹಾಡು

ನಸುಕಿನಲ್ಲಿ, ಜನ ವಾಸವಿದ್ದ ಗಣಿಯ ಕಬ್ಬಿಣದ ಬಾಗಿಲು ತೆರೆದಿರುತ್ತಿದ್ದುದು ಹತ್ತು ಪದ್ಯ ಹಾಡುವಷ್ಟು ಹೊತ್ತು ಮಾತ್ರ. ಆಮೇಲಿನ ಬಿಸಿಲಿಗೆ ಹೊರಗಿದ್ದವರು ಬದುಕುಳಿಯುತ್ತಿರಲಿಲ್ಲ. ಒಳಗಿನ ಕೂಸುಗಳಿಗೂ ಅದರ ಝಳ ತಾಕಬಾರದು. ಗಡಿಯಾರಗಳು ಕೆಟ್ಟು ಯಾವ ಕಾಲವಾಯಿತೋ. ಇವತ್ತು ಹೊಸ್ತಿಲಲ್ಲಿ ಕೂತು ಹಾಡುವ ಪಾಳಿ ಹದಿನಾರರ ಚಂಪಕಳದು. ನೀರಿಗೆ ಹೋದವರು ಅದೇ ಪದ್ಯಗಳನ್ನು ಗುನುಗುತ್ತ ನಡೆದು, ಐದನೆಯದು ಮುಗಿದೊಡನೆ ಹಿಂದಿರುಗಬೇಕು. ಅವಳ ಅಕ್ಕ ಸಿರಿದೇವಿ ಮೊದಲ ಸಲ ಹೋಗಿದ್ದಳು.

ಒಂಬತ್ತನೆಯ ಪದ್ಯದಲ್ಲಿ ಚಂಪಕಳಿಗೆ ಥಟ್ಟನೆ ಹೊಳೆಯಿತು. ಹೊತ್ತು ಉಳಿಸಲೆಂದು ಬಾಗಿಲ ಹಾಡಿನಲ್ಲಿ ಗಣಪತಿ ಸ್ತುತಿ, ಗುರುಸ್ತುತಿ ಎರಡನ್ನೂ ಬಿಟ್ಟಿದ್ದರು. ಅಕ್ಕನಿಗೆ ಅದನ್ನು ಯಾರೂ ಹೇಳಿರಲಿಲ್ಲ. ದೇವರನ್ನು ನೆನೆಯದೆ ಅವಳು ಒಂದು ಸಾಲೂ ಬಾಯಿಗೆ ತರುವವಳಲ್ಲ. ಎರಡು ಸ್ತುತಿ ಸೇರಿಸಿ ಹಾಡಿದವಳ ಐದನೆಯ ಪದ್ಯ ಮುಗಿಯುವಾಗ ಇಲ್ಲಿ ಏಳು ಮುಗಿದಿರುತ್ತವೆ.

ಅಗೋ, ದೂರದ ದಿಬ್ಬದ ಮೇಲೆ ಅಕ್ಕ! ತಲೆಯ ಕೊಡ ತುಳುಕದಂತೆ, ಇನ್ನೂ ಬೇಕಾದಷ್ಟು ಹೊತ್ತಿದೆಯೆಂಬಂತೆ ಬರುತ್ತಿದ್ದಳು. ಕೂಗೋಣವೆಂದರೆ ಹಾಡು ನಿಲ್ಲಬೇಕು. ಹಾಡು ನಿಂತರೆ ಬಾಗಿಲು ಬೀಳುತ್ತದೆ.

“ಕೊನೇದು ಬಂತಲ್ಲಮ್ಮೀ, ಎಳೀಬ್ಯಾಡ,” ಎಂದು ಕಾವಲಿನ ಮುನಿಶಾಮಿ ತಾತ ಬಾಗಿಲ ಚಕ್ರಕ್ಕೆ ಕೈ ಹಾಕಿದ. “ನಿಮ್ಮಕ್ಕ ನೋಡು, ಮದ್ವೆ ದಿಬ್ಬಣ ಬಂದಂಗೆ ಬತ್ತವ್ಳೆ!”

ಚಂಪಕ ಹತ್ತನೆಯದನ್ನು ಮುಗಿಸಿದವಳೇ ಉಸಿರು ಬಿಡದೆ ಅದೇ ರಾಗದಲ್ಲಿ ಎತ್ತಿದಳು: “ಓಡೇ ಅಕ್ಕಾ, ಕೊಡವ ಬಿಸುಟು ಓಡೇ…”

ತಾತನ ಕೈ ತಡೆಯಿತು. ಪದ್ಯದ ನಡುವೆ ಬಾಗಿಲು ಹಾಕುವ ಪದ್ಧತಿಯಿರಲಿಲ್ಲ. “ಇದ್ಯಾವ ಪದ್ಯಾನಮ್ಮೀ?”

ದಿಬ್ಬದ ಮೇಲೆ ಕೊಡ ಬಿದ್ದು ಒಡೆಯಿತು. ಅಕ್ಕ ಸೆರಗು ಸಿಕ್ಕಿಸಿ ಓಡತೊಡಗಿದಳು. ಒಳಗೆ ಒಂದು ಕೂಸು ಅಳಲಾರಂಭಿಸಿತು.

“ನೀರು ಹೋಯ್ತು,” ಎಂದ ತಾತ, ಚಕ್ರದ ಮೇಲೆ ಬೆರಳಿನಿಂದ ತಾಳ ಹಾಕುತ್ತ. “ನಿಲ್ಲಿಸ್ಬ್ಯಾಡ, ಹಾಡು.”