ನೀಲಿ ಚುಕ್ಕಿ

ಬೆಂಗಳೂರಿಗೆ ಓದಲು ಹೋದ ಮಗ ಎಲ್ಲೆಲ್ಲಿ ಓಡಾಡುತ್ತಾನೆಂದು ತೋರಿಸುವ ನೀಲಿ ಚುಕ್ಕಿಯನ್ನು ಸಿದ್ದಿ ಜನಾಂಗದ ಹೆಡ್‌ಮಾಸ್ಟರು ದಿನವಿಡೀ ಮೊಬೈಲಿನಲ್ಲಿ ನೋಡುತ್ತಿದ್ದರು. "ನನ್ನ ಮೇಲೆ ನಂಬಿಕೆ ಇಲ್ವಾ ಅಪ್ಪಾ?" ಎಂದು ಮಗ ಜಗಳವಾಡಿದ್ದ.

"ನಿನ್ನ ಮೇಲಿದೆ" ಎಂದಿದ್ದರು.

ಇವತ್ತು ಚುಕ್ಕಿ ನಡುರಸ್ತೆಯಲ್ಲೇ ನಿಂತುಬಿಟ್ಟಿತು. ಕೂಡಲೇ ವಿಡಿಯೊ ಕಾಲ್ ಮಾಡಿದರು.

"ಅಪ್ಪಾ, ಕಳ್ಳ ಅಂತ ಜನ ಮುತ್ಕೊಂಡಿದ್ದಾರೆ. ನಾನು ಆಫ್ರಿಕಾದವನಲ್ಲ, ಯಲ್ಲಾಪುರದವನು ಅಂದ್ರೆ ನಂಬ್ತಿಲ್ಲ. ನೀನೇ ಹೇಳು!"

ಅಚ್ಚಗನ್ನಡದಲ್ಲೇ ಹೇಳಿದರು. ಅವರ ಮುಖ ಕಂಡು ಗುಂಪಿನಲ್ಲಿ ಯಾರೋ ಒಬ್ಬ ನಕ್ಕ: "ಅಪ್ಪನೂ ಆಫ್ರಿಕಾದವನೇ ಕಣ್ರೋ, ಹಾಕ್ರೋ ನಾಲ್ಕು!"

ಹೆಡ್‌ಮಾಸ್ಟರು ಓಡಿದರು. ಗಂಟೆ ಬಾರಿಸಲು ಹೊರಟಿದ್ದ ಬೆಳ್ಳಗಿನ ಜವಾನನ ಕೈಗೆ ಮೊಬೈಲು ತುರುಕಿದರು.

"ನಾನೇನು ಹೇಳ್ಲಿ ಸಾರ್?"

"ನಿನ್ನ ಮನೆ ಆಳಿನ ಮಗ ಅಂತ ಹೇಳು ಮಾರಾಯಾ."